ಹೆಣ್ಣು ನಾಯಿಗೆ ಸಂತಾನಹರಣ ಯಾವಾಗ?

ಹುಣಸಮಾರನಹಳ್ಳಿ ಸುತ್ತಿನ ತೋಟಗಳಲ್ಲಿ ಕಾವಲಿಗೆ ಹೆಣ್ಣು ನಾಯಿ ಸಾಕಿರುವ ರೈತರು ‘ಒಂದು ಸೂಲು ಮರಿ ಹಾಕಲಿ, ಆಮೇಲೆ ನೋಡೋಣ’ ಎನ್ನುವುದುಂಟು. ಸೂಲಿನಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಯಾರಿಗೂ ಬೇಡವಾದ ಮರಿಗಳು ಬಳ್ಳಾರಿ ರಸ್ತೆಯ ವಾಹನಗಳಿಗೆ ಸಿಕ್ಕುತ್ತವೆ, ಅಷ್ಟೆ. ಕಾವಲು ಗುಣ ಕೆಡುವುದೆಂಬ ಅಂಜಿಕೆಯೂ ಬೇಡ.

ನಾಯಿ ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಮೊದಲ ಬೆದೆಗೆ ಬರುತ್ತದೆ. ನಾಟಿ ನಾಯಿಗೆ ಅದಕ್ಕೆ ಮೊದಲೇ, ಸುಮಾರು 6ನೇ ತಿಂಗಳಿನಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸುವುದು ಸೂಕ್ತ. ಇದರಿಂದ ಮೊಲೆಗಂತಿ ಬರುವ ಸಂಭವ ತೀರ ತಗ್ಗುತ್ತದೆ. ದೊಡ್ಡ ಮೈಕಟ್ಟಿನ ತಳಿಗಳಲ್ಲಿ ಮೂಳೆ, ಕೀಲು ಬಲಿಯಲೆಂದು ಒಂದು ವರ್ಷ ಕಾಯುವುದುಂಟು. ನಡುವೆ ಬೆದೆಗೆ ಬಂದರೆ ಕಟ್ಟಿ ಕಾಯುವ ಹೊಣೆ ನಿಮ್ಮದು.

ಬೆದೆ ಸುಮಾರು 3 ವಾರ ಇರುತ್ತದೆ. ಆಗ ಗರ್ಭಕೋಶದ ರಕ್ತನಾಳಗಳು ಉಬ್ಬಿರುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ಹೆಚ್ಚು. ಸ್ರಾವ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಬೆದೆ ಮುಗಿದ 2-3 ತಿಂಗಳಿಗೆ ಮಾಡಿಸಿರಿ. ಬಿತ್ತನೆಗೆ ಹದ ನೋಡುವವರಿಗೆ ಈ ಲೆಕ್ಕ ಹೊಸದಲ್ಲ. ಈದ ನಾಯಿಯಾದರೆ ಮರಿಗಳು ಹಾಲು ಬಿಟ್ಟು ಮೊಲೆ ಬತ್ತಿದ ಮೇಲೆ ಮಾಡಿಸಿ. ಮುಂದಿನ ಬೆದೆಯವರೆಗೆ ಬಿಡಬೇಡಿ. ಹುಚ್ಚು ರೋಗದ ಲಸಿಕೆ ಮೊದಲೇ ಆಗಿರಲಿ. ಹೊಲಿಗೆಯನ್ನು ನಾಯಿ ನೆಕ್ಕದಂತೆ 10 ದಿನ ನೋಡಿಕೊಳ್ಳಿ.

ಆದರೆ ವಯಸ್ಸಾದ ನಾಯಿ, ಬೆದೆಯಾಗಿ ಒಂದೆರಡು ತಿಂಗಳಲ್ಲಿ ಮೇವು ಬಿಟ್ಟು, ವಿಪರೀತ ನೀರು ಕುಡಿಯುತ್ತಾ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಕಾಣದೆಯೂ ಇರಬಹುದು. ಆಗ ಕ್ಯಾಲೆಂಡರ್ ನೋಡುತ್ತ ಕೂರದೆ ಅಂದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ.