ಅರಳುಮರಳು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದಾಗ ಮನೆಯವರು ಈ ಮಾತನ್ನಾಡಿ ನಕ್ಕು ಸುಮ್ಮನಾಗುತ್ತಾರೆ. ಆದರೆ ಈ ನಗೆಯ ಮರೆಯಲ್ಲಿ ಒಂದು ರೋಗ ಅಡಗಿರಬಹುದೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ವೈದ್ಯರು ಅದನ್ನು ಡಿಮೆನ್ಷಿಯಾ ಎಂದು ಕರೆಯುತ್ತಾರೆ.

ಮುಪ್ಪಿನ ಸಹಜ ಮರೆವಿಗೂ ಈ ರೋಗಕ್ಕೂ ಅಂತರವುಂಟು. ಅಂಗಡಿಯಿಂದ ಬೆಲ್ಲ ತರುವುದನ್ನು ಮರೆಯುವುದು ಸಹಜ. ನಿತ್ಯ ಹೋಗಿಬರುವ ಅಂಗಡಿಯಿಂದ ಮನೆಯ ದಾರಿಯನ್ನೇ ಮರೆಯುವುದು ಸಹಜವಲ್ಲ. ರೋಗವು ಮುಂದುವರಿದಂತೆ ಮಾತು, ಲೆಕ್ಕಾಚಾರ, ಬಟ್ಟೆ ಉಡುವ ಕ್ರಮ, ಕೊನೆಗೆ ಮಕ್ಕಳ ಮುಖ ಕೂಡ ಮರೆತುಹೋಗಬಹುದು.

ಇದು ಮಿದುಳಿನ ರೋಗವೆಂದು ತಿಳಿದುಬಂದ ಬಗೆ ಗಮನಾರ್ಹವಾದುದು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ 51 ವರ್ಷದ ಮಹಿಳೆಯೊಬ್ಬಳನ್ನು ಸೇರಿಸಲಾಯಿತು. ಆಕೆ ತನ್ನ ಹೆಸರನ್ನು ಬರೆಯತೊಡಗಿ ನಡುವೆಯೇ ಮರೆಯುತ್ತಿದ್ದಳು. ವೈದ್ಯ ಅಲೋಯಿಸ್ ಆಲ್ಜೈಮರ್ ಆಕೆಯ ಮಾತುಗಳನ್ನು ತಾಳ್ಮೆಯಿಂದ ಬರೆದಿಟ್ಟರು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಜೀವಕೋಶಗಳಲ್ಲಿ ಗಂಟುಗಂಟಾದ ಎಳೆಗಳು ಕಂಡವು. ಹುಚ್ಚೆಂದು ಜನರು ಭಾವಿಸಬಹುದಾಗಿದ್ದ ನಡತೆಗೆ ದೇಹದಲ್ಲಿಯೇ ಕಾರಣವಿತ್ತು. 1910ರಲ್ಲಿ ಆ ರೋಗಕ್ಕೆ ಆಲ್ಜೈಮರ್ ಅವರ ಹೆಸರನ್ನೇ ಇಡಲಾಯಿತು. ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯವಾದ ಕಾರಣ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಐದೂವರೆ ಕೋಟಿಗಿಂತ ಹೆಚ್ಚು ಜನರು ಡಿಮೆನ್ಷಿಯಾಕ್ಕೆ ತುತ್ತಾಗಿದ್ದಾರೆ.

ವಿಜ್ಞಾನವು ಇಷ್ಟನ್ನು ತಿಳಿಸಿದ್ದರೂ ಸಮಾಜದ ದೃಷ್ಟಿ ಇನ್ನೂ ಪೂರ್ತಿಯಾಗಿ ಬದಲಾಗಿಲ್ಲ. ಕೆಲವರು ಇದನ್ನು ಮೊಂಡುತನವೆನ್ನುತ್ತಾರೆ, ಕೆಲವರು ನಟನೆಯೆನ್ನುತ್ತಾರೆ, ಮತ್ತೆ ಕೆಲವರು ಗ್ರಹಚಾರವೆಂದು ಕೈಚೆಲ್ಲುತ್ತಾರೆ. ಊಟ ಮಾಡಿದ ಅಜ್ಜಿ ಅರೆಗಳಿಗೆಯಲ್ಲಿ ಅದನ್ನು ಮರೆತು, ‘ನನಗೆ ಯಾರೂ ಅನ್ನವಿಕ್ಕಲಿಲ್ಲ’ ಎಂದು ನೆರೆಮನೆಯವರಲ್ಲಿ ದೂರಬಹುದು. ಅಜ್ಜಿ ಸುಳ್ಳಾಡುತ್ತಿಲ್ಲ; ಉಂಡ ನೆನಪು ಆಕೆಯಲ್ಲಿ ಉಳಿದಿಲ್ಲ. ಆದರೆ ನೆರೆಯವರು ಸೊಸೆಯನ್ನೇ ನಿಂದಿಸುತ್ತಾರೆ. ಹಗಲಿರುಳು ಸೇವೆ ಮಾಡಿದವಳಿಗೆ ದೊರೆಯುವುದು ಅಪವಾದ. ಅದಕ್ಕೆ ಅಂಜಿದ ಮನೆಯವರು ಹಿರಿಯರನ್ನು ಮದುವೆ ಮುಂಜಿಗಳಿಗೆ ಕರೆದೊಯ್ಯದೆ ಒಳಕೋಣೆಯಲ್ಲಿ ಇರಿಸುತ್ತಾರೆ. ಹೀಗೆ ರೋಗಿಯೂ ಸೇವೆ ಮಾಡುವವರೂ ಒಂಟಿಯಾಗುತ್ತಾರೆ.

ಮರೆವನ್ನು ಮುಚ್ಚಿಡುವುದರಿಂದ ಇನ್ನೊಂದು ಹಾನಿಯೂ ಉಂಟು. ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು. ಅಂತಹ ಮರೆವು ಚಿಕಿತ್ಸೆಯಿಂದ ಸುಧಾರಿಸಬಲ್ಲುದು. ಆಲ್ಜೈಮರ್ ರೋಗವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧಿ ಇಲ್ಲದಿದ್ದರೂ, ವೈದ್ಯರ ಸಲಹೆಯಿಂದ ಆರೈಕೆ ಸುಗಮವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಇದರ ತಪಾಸಣೆ ನಡೆಯುತ್ತದೆ.

ಔಷಧಿಯಷ್ಟೇ ಮುಖ್ಯವಾದುದು ಮನೆಯವರ ನಡೆನುಡಿ. ‘ಈಗತಾನೇ ಉಂಡೆಯಲ್ಲ!’ ಎಂದು ಗದರಿದರೆ ಅಜ್ಜಿಗೆ ನೆನಪು ಮರಳುವುದಿಲ್ಲ. ನೋವು ಮಾತ್ರ ಉಳಿಯುತ್ತದೆ. ಅದರ ಬದಲು ಒಂದು ಬಾಳೆಯ ಹಣ್ಣನ್ನು ಕೈಗಿತ್ತು ಬಳಿ ಕುಳಿತರೆ ಮನಸ್ಸು ಶಾಂತವಾದೀತು. ಹೆಸರುಗಳು ಮರೆತುಹೋದ ಮೇಲೂ ಪ್ರೀತಿಯ ದನಿ, ಗದರಿಕೆಯ ದನಿ ಇವುಗಳ ಭೇದ ಹಿರಿಯರ ಮನಸ್ಸಿಗೆ ತಿಳಿಯುತ್ತದೆ. ನೆರೆಯವರು ದೂರನ್ನು ಕೇಳಿ ತೀರ್ಪು ಕೊಡುವ ಬದಲು ಒಂದು ಗಳಿಗೆ ಅಜ್ಜಿಯ ಜೊತೆಗಿದ್ದರೆ, ಸೊಸೆಗೂ ಅಷ್ಟು ಬಿಡುವು ದೊರೆತೀತು. ತಮ್ಮವರನ್ನು ಮರೆತ ಹಿರಿಯರನ್ನು ತಮ್ಮವರು ಮರೆಯದಿರುವುದೇ ಈ ರೋಗದಲ್ಲಿ ಎಲ್ಲರಿಂದಲೂ ಸಾಧ್ಯವಾದ ಶುಶ್ರೂಷೆ.