ಹೆಸರು ಅವರದು, ಅಡ್ವಾನ್ಸು ನಮ್ಮದು

ಬಂಗಾರಪೇಟೆಯಲ್ಲಿ ಇದ್ದುಕೊಂಡು ಸಿನಿಮಾ ಹಂಚಿಕೆಯಲ್ಲಿ ಸಣ್ಣ ಪಾಲು ಹಾಕುವುದು, ಅಂಗಡಿ ಉದ್ಘಾಟನೆಗೆ ನಟನಟಿಯರನ್ನು ಕರೆಸುವುದು, ಗೋಡೆ ಬರಹ, ಫ್ಲೆಕ್ಸು ಮಾಡಿಸಿಕೊಡುವುದು ನನ್ನ ಕಸುಬು. ಬೆಂಗಳೂರು, ಕೋಲಾರ, ತುಮಕೂರು ಸೇರಿದ ‘ಬಿಕೆಟಿ’ ಏರಿಯಾದ ಒಂದು ಮೂಲೆ ನಮ್ಮದು. ಇಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಓಡುತ್ತವೆ. ನಟನ ಹೆಸರು ಕೆಟ್ಟರೆ ಅವನ ವ್ಯಾಪಾರ ಕೆಡುತ್ತದೆ ಎಂದು ನಂಬಿಕೊಂಡೇ ಈ ಕೆಲಸಕ್ಕೆ ಇಳಿದೆ. ಹೆಚ್ಚಿನ ಸಲ ಕೆಟ್ಟದ್ದು ಅವನ ಹಿಂದೆ ನಿಂತವರ ವ್ಯಾಪಾರ.

1. ಜೈಲಿಗೆ ಹೋದವರ ಸಿನಿಮಾ ಓಡುವುದಿಲ್ಲ ಎಂದು ಲೆಕ್ಕ ಹಾಕಬೇಡಿ.

2011ರ ಸೆಪ್ಟೆಂಬರಿನಲ್ಲಿ ಪತ್ನಿಯ ಮೇಲೆ ಹಲ್ಲೆ ಮಾಡಿದ ಆರೋಪದ ಮೇಲೆ ದರ್ಶನ್ ಬಂಧನವಾಯಿತು. ಅದೇ ತಿಂಗಳ 30ಕ್ಕೆ ‘ಸಾರಥಿ’ ಬಿಡುಗಡೆ. ನಾಯಕ ಇನ್ನೂ ಜೈಲಿನಲ್ಲಿ. ಪಾಲು ಹಾಕುವಂತೆ ಕೇಳಿದವರಿಗೆ ಆಗಲ್ಲ ಅಂದುಬಿಟ್ಟೆ. ಮನೆಯಲ್ಲಿ, ಟೀ ಅಂಗಡಿಯಲ್ಲಿ ಎಲ್ಲರೂ ಬೈಯುತ್ತಿದ್ದರು, ಅದನ್ನೇ ಊರಿನ ತೀರ್ಪು ಅಂದುಕೊಂಡೆ. ಆದರೆ ಬೈದವರು ಮೊದಲ ದಿನದ ಆಟಕ್ಕೆ ಬರುವ ಜನವೇ ಅಲ್ಲ. ಬರುವವರು ತಮ್ಮ ನಾಯಕನ ಪರವಾಗಿ ನಿಲ್ಲುವುದೆಂದರೆ ಟಿಕೆಟ್ ಕೊಳ್ಳುವುದು ಅಂದುಕೊಂಡು ಬಂದರು. ಚಿತ್ರ ದೊಡ್ಡದಾಗಿ ಗೆದ್ದಿತು. 2021ರಲ್ಲಿ ರಾಜ್ಯದ ಕೃಷಿ ಇಲಾಖೆ ಅದೇ ನಟನನ್ನು ರಾಯಭಾರಿ ಮಾಡಿಕೊಂಡಿತು. 2024ರ ಜೂನ್‌ನಲ್ಲಿ ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ಮತ್ತೆ ಬಂಧನ. 2025ರ ಡಿಸೆಂಬರಿನಲ್ಲಿ ‘ದಿ ಡೆವಿಲ್’ ತೆರೆಗೆ ಬಂದಾಗಲೂ ಅವರು ಜೈಲಿನಲ್ಲೇ ಇದ್ದರು.

2011ರಲ್ಲಿ ದುಡ್ಡು ಕೈತಪ್ಪಿತಲ್ಲ ಎಂದು ತಿಂಗಳುಗಟ್ಟಲೆ ಕೊರಗಿದೆ. ಒಬ್ಬ ಹೆಣ್ಣುಮಗಳು ಆಸ್ಪತ್ರೆ ಸೇರಿದ ಸುದ್ದಿಯನ್ನು ನಾನು ಬರೀ ಗಲ್ಲಾಪೆಟ್ಟಿಗೆಯ ಲೆಕ್ಕವಾಗಿ ಓದಿದ್ದೆ ಎಂಬುದು ಹೊಳೆದದ್ದು ಬಹಳ ತಡವಾಗಿ. ಪಾಲು ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು ಅದು.

2. ಶಿಕ್ಷೆ ಮೊದಲು ಹೆಣ್ಣಿನ ಮೇಲೆ ಬೀಳುತ್ತದೆ.

2011ರ ಅದೇ ಗಲಾಟೆಯಲ್ಲಿ ನಿರ್ಮಾಪಕರ ಸಂಘ ನಿಷೇಧ ಹೇರಿದ್ದು ಅದರಲ್ಲಿ ಹೆಸರು ಕೇಳಿಬಂದ ನಟಿ ನಿಕಿತಾ ತುಕ್ರಾಲ್ ಮೇಲೆ, ಮೂರು ವರ್ಷಕ್ಕೆ. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಆದರೆ ಆ ಕೆಲವು ದಿನಗಳಲ್ಲಿ ನನ್ನಂಥವರು ಏನು ಮಾಡಿದೆವು? ಪಟ್ಟಿಯಿಂದ ಅವರ ಹೆಸರು ತೆಗೆದೆವು. ನಿಷೇಧ ಹೋದ ಮೇಲೆ ಮತ್ತೆ ಸೇರಿಸಬೇಕು ಎಂದು ನನಗಂತೂ ನೆನಪಾಗಲಿಲ್ಲ.

3. ಅಂಗಡಿಯವರ ಕಣ್ಣು ಬೇರೆ, ಅಭಿಮಾನಿಯ ಕಣ್ಣು ಬೇರೆ.

ಪಕ್ಕದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯೊಂದರ ಷಟರ್ ಮೇಲೆ ನಟನೊಬ್ಬನ ಮುಖ ಬರೆಸಿದ್ದೆ. ಹಬ್ಬದ ವ್ಯಾಪಾರ ಹತ್ತಿರ ಬರುವಾಗ ಆತನ ಮೇಲೆ ಪೊಲೀಸ್ ದೂರು ದಾಖಲಾಯಿತು. ಯಜಮಾನರು ಬೆಳಿಗ್ಗೆಯೇ ಫೋನ್ ಮಾಡಿದರು: “ಅಣ್ಣಾ, ಸೀರೆ ಆರಿಸೋರು ಹೆಂಗಸರು. ಬಾಗಿಲಲ್ಲೇ ಆ ಮುಖ ಕಂಡ್ರೆ ಒಳಗೆ ಬರ್ತಾರಾ? ಇವತ್ತೇ ಅಳಿಸಿಬಿಡಿ.”

ಪೇಂಟರು ಬಂದು ಕೆನೆ ಬಣ್ಣ ಎರಡು ಕೋಟು ಹೊಡೆದರು. ಒಣಗಿದ ಮೇಲೆ ಕಪ್ಪು ಕನ್ನಡಕ, ಮೀಸೆ ಎರಡೂ ಕೆಳಗಿಂದ ಎದ್ದು ಕಂಡವು. ಕಪ್ಪು ಎನಾಮೆಲ್ ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. ಷಟರಿನ ಒಂದೊಂದು ಪಟ್ಟಿಯನ್ನೂ ಉಪ್ಪು ಕಾಗದದಲ್ಲಿ ಉಜ್ಜಿ, ಪ್ರೈಮರ್ ಕೊಟ್ಟು, ಮತ್ತೆ ಬಣ್ಣ ಹೊಡೆಯುವಷ್ಟರಲ್ಲಿ ಸಂಜೆಯಾಗಿತ್ತು. ಅದೇ ರಸ್ತೆಯ ಕೊನೆಯಲ್ಲಿ ಅದೇ ನಟನ ಕಟೌಟಿಗೆ ಹೊಸ ಹಾರ ಬಿದ್ದಿತ್ತು. ಅಭಿಮಾನಿಗೆ ಬೇಕಾದದ್ದು ನಾಯಕ, ಅಂಗಡಿಯವರಿಗೆ ಬೇಕಾದದ್ದು ನಂಬಿಕೆ. ಡಾ. ರಾಜ್‌ಕುಮಾರ್ ಮತ್ತು ಪುನೀತ್ ಸಂಭಾವನೆ ಪಡೆಯದೆ ನಂದಿನಿ ಹಾಲಿಗೆ ಮುಖವಾದದ್ದನ್ನು ನಮ್ಮ ಕಡೆ ಹಾಲು ಹಾಕುವ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ಅಂಥ ನಂಬಿಕೆ ದುಡ್ಡು ಕೊಟ್ಟರೆ ಬರುವುದಿಲ್ಲ.

ನಟನ ಮ್ಯಾನೇಜರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಯಜಮಾನರು ನನ್ನ ಬಾಕಿ ಕೊಡಲಿಲ್ಲ. ನಾನು ಪೇಂಟರ ಕೂಲಿಯಲ್ಲಿ ಚೌಕಾಸಿ ಮಾಡಿದೆ. ಆ ದಿನ ಕೈಗೆ ಸಿಕ್ಕವರು ಅವರೊಬ್ಬರೇ.

4. ಹಳೆಯ ಮಾತಿಗೂ ಬೆಲೆ ತೆರಬೇಕಾದ ದಿನ ಬರುತ್ತದೆ.

ನಮ್ಮ ಕಡೆ ಅಂಥ ಮಾತಿನ ಪೆಟ್ಟು ಬೇರೆ ಕಡೆಗಿಂತ ಜಾಸ್ತಿ. ಕೆಜಿಎಫ್‌ನ ಚಿನ್ನದ ಗಣಿಗೆ ದುಡಿಯಲು ಬಂದ ತಮಿಳು ಕುಟುಂಬಗಳು ತಲೆಮಾರುಗಳಿಂದ ಇಲ್ಲಿವೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಅವರ ಭಾನುವಾರದ ಸಿನಿಮಾ ತಮಿಳಿನದು.

2017ರಲ್ಲಿ ‘ಬಾಹುಬಲಿ 2’ಕ್ಕೆ ಅಡ್ಡ ಬಂದದ್ದು ತಮಿಳು ನಟ ಸತ್ಯರಾಜ್ ಕಾವೇರಿ ನೀರಿನ ವಿಚಾರದಲ್ಲಿ ಒಂಬತ್ತು ವರ್ಷ ಹಿಂದೆ ಆಡಿದ್ದ ಮಾತು. ಬಿಡುಗಡೆಗೆ ಒಂದು ವಾರ ಇರುವಾಗ ಅವರು ವಿಷಾದ ಹೇಳಿದರು. ತಾನೊಬ್ಬ ಸಣ್ಣ ಕಲಾವಿದ, ತನ್ನಿಂದ ಸಾವಿರಾರು ಜನರ ದುಡಿಮೆಗೆ ಪೆಟ್ಟಾಗಬಾರದು ಎಂಬುದು ಅವರ ಮಾತಿನ ಸಾರ. ಏಪ್ರಿಲ್ 28ಕ್ಕೆ ಚಿತ್ರ ಬಂತು. ಹೊರೆ ಯಾರ ತಲೆಗೆ ಬೀಳುತ್ತದೆಂದು ಅರಿತು ಆಡಿದ ಮಾತದು ಎಂದೇ ನನಗೆ ಅನಿಸಿತು.

2025ರಲ್ಲಿ ಹಾಗಾಗಲಿಲ್ಲ. ಕನ್ನಡ ತಮಿಳಿನಿಂದ ಹುಟ್ಟಿತು ಎಂಬ ಮಾತಿಗೆ ಕಮಲ್ ಹಾಸನ್ ಕ್ಷಮೆ ಕೇಳಲಿಲ್ಲ. ಜೂನ್ 5ಕ್ಕೆ ‘ಥಗ್ ಲೈಫ್’ ಬೇರೆಡೆ ಬಂತು, ನಮ್ಮಲ್ಲಿ ಬರಲಿಲ್ಲ. ಸುಪ್ರೀಂ ಕೋರ್ಟ್ ಮಧ್ಯೆ ಬಂದು, ರಾಜ್ಯ ಸರ್ಕಾರ ರಕ್ಷಣೆಯ ಭರವಸೆ ಕೊಡುವ ಹೊತ್ತಿಗೆ ಚಿತ್ರ ಹೊರಗಡೆ ಸೋತಾಗಿತ್ತು. ಕನ್ನಡದ ಬಗ್ಗೆ ಆ ಮಾತು ನನಗೂ ನೋವು ತಂದಿತ್ತು. ಆದರೆ ಖಾಲಿ ಬಿದ್ದ ಆಟಗಳ ನಷ್ಟ ಹೊತ್ತವರು ಚಿತ್ರಮಂದಿರದ ಕ್ಯಾಂಟೀನಿನವರು, ವಾಹನ ಸ್ಟ್ಯಾಂಡಿನವರು. ಅವರಲ್ಲಿ ಕನ್ನಡದವರೂ ಇದ್ದರು. ನನಗೆ ಗೊತ್ತಿರುವ ಕೆಲವರು ಕೃಷ್ಣಗಿರಿಗೆ ಹೋಗಿ ನೋಡಿ ಬಂದರು. ಆ ದುಡ್ಡೂ ಊರು ಬಿಟ್ಟು ಹೋಯಿತು.

5. ಬಾಯಿ ಮಾತನ್ನು ನಂಬಿ ದುಡ್ಡು ಕೊಡಬೇಡಿ.

ಮೊದಲೆಲ್ಲ ಫೋನಿನಲ್ಲೇ ಮುಗಿಸುತ್ತಿದ್ದೆ. ಈಗ ಬರೆಸಿಕೊಳ್ಳುತ್ತೇನೆ: ಕಾರ್ಯಕ್ರಮಕ್ಕೆ ಮುಂಚೆ ಕೇಸು, ಬಹಿಷ್ಕಾರ ಏನಾದರೂ ಆದರೆ ಅಡ್ವಾನ್ಸ್ ಇಂತಿಷ್ಟು ದಿನದಲ್ಲಿ ವಾಪಸ್, ಬರೆಸಿದ್ದನ್ನು ಅಳಿಸುವ ಖರ್ಚು ಅವರದು. ಸಿನಿಮಾಕ್ಕೆ ಮಿನಿಮಮ್ ಗ್ಯಾರಂಟಿ ಕೊಡುವುದಿಲ್ಲ, ಶೇಕಡಾವಾರು ಮಾತ್ರ. ಮನೆಯ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದ ದೂರು ಇದ್ದವರನ್ನು ಉದ್ಘಾಟನೆಗೆ ಕರೆಸುವುದಿಲ್ಲ. ದೂರು ಬೇರೆ, ತೀರ್ಪು ಬೇರೆ ಎಂದು ಗೊತ್ತು. ಯಾರನ್ನೂ ಅಪರಾಧಿ ಅನ್ನುತ್ತಿಲ್ಲ. ಆ ಸಂಭಾವನೆ ನನ್ನ ಕೈಯಿಂದ ದಾಟುವುದು ಬೇಡ, ಅಷ್ಟೇ. ಇದರಿಂದ ಒಳ್ಳೆಯ ಗಿರಾಕಿಗಳೂ ಕೈಬಿಟ್ಟು ಹೋಗಿದ್ದಾರೆ.

ಷಟರ್ ಅಳಿಸುವ ಖರ್ಚಿನ ಸಾಲಿಗೆ ಯಾವ ಮ್ಯಾನೇಜರೂ ಇದುವರೆಗೆ ತಕರಾರು ತೆಗೆದಿಲ್ಲ. ಅಡ್ವಾನ್ಸ್ ವಾಪಸಿನ ಸಾಲಿಗೆ ಮಾತ್ರ ಪ್ರತಿ ಸಲವೂ ಮಾತು ಬೆಳೆಯುತ್ತದೆ, ಕೊನೆಗೆ ಅರ್ಧಕ್ಕೆ ಒಪ್ಪಿಕೊಂಡು ಸಹಿ ಹಾಕಿದ ದಿನಗಳೂ ಇವೆ.