ಮುಸುಕಿನೊಳಗಿನ ಬೈಕನ್ನು ಊಹಿಸುವುದು ಹೇಗೆ?

ಬೈಕ್ ಹುಚ್ಚಿನವರು ನಾಲ್ಕು ಮಂದಿ ಒಂದೆಡೆ ಸೇರಿದರೆ, ಮಾತು ಬಹುಬೇಗ ಇನ್ನೂ ಮಾರುಕಟ್ಟೆಗೆ ಬಾರದ ಬೈಕಿನತ್ತ ಹೊರಳುತ್ತದೆ. ಅದರ ಹೆಡ್‌ಲೈಟ್ ಒಂದೋ ಎರಡೋ, ಸೈಲೆನ್ಸರ್ ಯಾವ ಕಡೆ ಇರುತ್ತದೆ, ಹಿಂದಿನ ಸೀಟು ಎಷ್ಟು ಎತ್ತರ ಎಂದು ಚಹಾ ಆರಿಹೋಗುವವರೆಗೂ ವಾದ ನಡೆಯುತ್ತದೆ. ಪಕ್ಕದಲ್ಲಿ ಕುಳಿತ ನಿಮಗೆ ಇದು ಬರಿಯ ಹರಟೆ ಎನ್ನಿಸಿದ್ದರೆ ತಪ್ಪೇನಿಲ್ಲ, ಅದರಲ್ಲಿ ಮುಕ್ಕಾಲು ಪಾಲು ಹರಟೆಯೇ. ಉಳಿದ ಕಾಲು ಪಾಲು ಮಾತ್ರ ಕಲಿಯಬಹುದಾದ ವಿದ್ಯೆ. ಬೈಕ್ ಓಡಿಸಲು ಬಾರದವರೂ ಅದನ್ನು ಕಲಿಯಬಹುದು. ಈ ಲೇಖನದಲ್ಲಿ ಅದರ ಮೊದಲ ಪಾಠಗಳನ್ನು ನಿಮ್ಮ ಮುಂದಿಡುತ್ತೇನೆ.

ಕಲಿಯುವವರಿಗೆ ಉತ್ತರ ಗೊತ್ತಿರುವ ಲೆಕ್ಕವೇ ಅನುಕೂಲ. ಆದ್ದರಿಂದ ಈಗಾಗಲೇ ರಸ್ತೆಗೆ ಬಂದಿರುವ ಬೈಕೊಂದನ್ನು ಆರಿಸಿಕೊಳ್ಳೋಣ. 2016ರ ಫೆಬ್ರವರಿಯಲ್ಲಿ ಗ್ರೇಟರ್ ನೋಯ್ಡಾದ ಆಟೋ ಎಕ್ಸ್‌ಪೋದಲ್ಲಿ ಟಿವಿಎಸ್ ಕಂಪನಿ 'ಅಕುಲಾ 310' ಎಂಬ ಬೈಕನ್ನು ಪ್ರದರ್ಶನಕ್ಕಿಟ್ಟಿತು. ಅದರ ಮಾರಾಟದ ರೂಪ 'ಅಪಾಚೆ ಆರ್‌ಆರ್ 310' ಎಂಬ ಹೆಸರಿನಲ್ಲಿ ಬಿಡುಗಡೆಯಾದದ್ದು 2017ರ ಡಿಸೆಂಬರ್ 6ರಂದು. ನಡುವಿನ ಸುಮಾರು ಇಪ್ಪತ್ತೆರಡು ತಿಂಗಳು ಊಹಾಪೋಹದ ಸುಗ್ಗಿ. ಕಂಪನಿಯ ಮುಖ್ಯ ಕಾರ್ಖಾನೆ ಇರುವ ಹೊಸೂರು ಬೆಂಗಳೂರಿಗೆ ತೀರಾ ಹತ್ತಿರವಾದ್ದರಿಂದ ಇಲ್ಲಿನ ಬೈಕ್ ಪ್ರಿಯರಿಗೆ ಆ ಕುತೂಹಲ ಪಕ್ಕದ ಮನೆಯ ಮದುವೆಯಷ್ಟೇ ಆಪ್ತವಾಗಿತ್ತು.

ಮೊದಲು ಕೆಲವು ಮಾತುಗಳ ಅರ್ಥ ತಿಳಿದುಕೊಳ್ಳಿ. ಸ್ಪೋರ್ಟ್‌ಬೈಕ್ ಎಂದರೆ ರೇಸ್ ಬೈಕಿನ ಮೈಕಟ್ಟನ್ನು ರಸ್ತೆಗೆ ಹೊಂದಿಸಿದ ಬೈಕ್. ಅದರ ಮುಂಭಾಗವನ್ನೂ ಎರಡು ಪಕ್ಕೆಗಳನ್ನೂ ಗಾಳಿ ಸಲೀಸಾಗಿ ಜಾರಿಹೋಗುವಂತೆ ಒಂದು ಹೊದಿಕೆ ಮುಚ್ಚಿರುತ್ತದೆ, ಅದೇ ಫೇರಿಂಗ್. ಫೇರಿಂಗ್ ಇಲ್ಲದೆ ಎಂಜಿನ್ ಕಣ್ಣಿಗೆ ಕಾಣುವ ಬೈಕಿಗೆ ನೇಕೆಡ್ ಎನ್ನುತ್ತಾರೆ. ಇನ್ನು ಕಾನ್ಸೆಪ್ಟ್. ಪ್ರದರ್ಶನಕ್ಕೆಂದೇ ಮಾಡಿ, 'ನಾವು ಈ ದಿಕ್ಕಿನಲ್ಲಿ ಯೋಚಿಸುತ್ತಿದ್ದೇವೆ' ಎಂದು ಕಂಪನಿ ಜನರಿಗೆ ತೋರಿಸುವ ಮಾದರಿ ಅದು. ಅಕುಲಾ ಒಂದು ಕಾನ್ಸೆಪ್ಟ್ ಆಗಿತ್ತು. ಅದರ ಮೈ ಹೊದಿಕೆ ಕಾರ್ಬನ್ ಫೈಬರ್‌ನದು. ಹಗುರವೂ ಗಟ್ಟಿಯೂ ಆದ ಈ ವಸ್ತು ಬಲು ದುಬಾರಿ.

ಹೊಸಬರು ಸಾಮಾನ್ಯವಾಗಿ ಬಣ್ಣದಿಂದ, ಹೆಡ್‌ಲೈಟಿನಿಂದ ಊಹೆ ಶುರುಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಪಾಯ ತೋಡಿದ ನಿವೇಶನವನ್ನು ನೋಡಿದ ಮೇಸ್ತ್ರಿ ಮನೆಗೆ ಎಷ್ಟು ಕೋಣೆ, ಬಾಗಿಲು ಯಾವ ದಿಕ್ಕಿಗೆ ಎಂದು ಹೇಳಬಲ್ಲ. ಗೋಡೆಗೆ ಯಾವ ಬಣ್ಣ ಎಂದು ಹೇಳಲಾರ. ಬೈಕಿನ ಪಾಯವೆಂದರೆ ಎಂಜಿನ್ ಮತ್ತು ಅದನ್ನು ಹಿಡಿದಿರುವ ಚೌಕಟ್ಟು. ಹೊಸ ಎಂಜಿನ್ ರೂಪಿಸಲು ವರ್ಷಗಳು ಹಿಡಿಯುತ್ತವೆ, ಅದರ ಅಚ್ಚುಗಳಿಗೆ ಅಪಾರ ಹಣ ಸುರಿಯಬೇಕಾಗುತ್ತದೆ. ಹೀಗಾಗಿ ಒಂದು ಎಂಜಿನ್ ಸಿದ್ಧವಾದರೆ ಕಂಪನಿ ಅದನ್ನು ಒಂದೇ ಬೈಕಿಗೆ ಮೀಸಲಿಡುವುದು ಅಪರೂಪ.

ಅಕುಲಾದ ಪಾಯ ಎಲ್ಲರ ಕಣ್ಣೆದುರೇ ಇತ್ತು. ಟಿವಿಎಸ್ ಮತ್ತು ಜರ್ಮನಿಯ ಬಿಎಂಡಬ್ಲ್ಯು 2013ರಲ್ಲಿ ಸಣ್ಣ ಬೈಕ್‌ಗಳಿಗಾಗಿ ಒಪ್ಪಂದ ಮಾಡಿಕೊಂಡಿದ್ದವು. ಅದರ ಮೊದಲ ಫಲವಾದ ಜಿ 310 ಆರ್ ಎಂಬ ನೇಕೆಡ್ ಬೈಕನ್ನು ಬಿಎಂಡಬ್ಲ್ಯು 2015ರ ನವೆಂಬರಿನಲ್ಲೇ ತೋರಿಸಿತ್ತು. ಅಂದರೆ ಅಕುಲಾಕ್ಕಿಂತ ಮೂರು ತಿಂಗಳು ಮೊದಲು. ಹೆಸರಿನಲ್ಲಿರುವ 310 ಎಂಬ ಅಂಕಿಯೇ ನಂಟು ಸಾರುತ್ತಿತ್ತು. ಅದರ ಎಂಜಿನ್ 313 ಸಿಸಿ, ಒಂದೇ ಸಿಲಿಂಡರ್, 34 ಅಶ್ವಶಕ್ತಿಯದು. ಸಿಸಿ ಎಂದರೆ ಪಿಸ್ಟನ್ ಒಂದು ಸಲ ಮೇಲಿಂದ ಕೆಳಕ್ಕೆ ಚಲಿಸುವಾಗ ಒಳಗೆ ತೆರವಾಗುವ ಜಾಗದ ಅಳತೆ, ಘನ ಸೆಂಟಿಮೀಟರ್‌ಗಳಲ್ಲಿ.

ಈ ಎಂಜಿನ್‌ನಲ್ಲಿ ಒಂದು ವಿಶೇಷವಿದೆ. ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಬೈಕಿನ ಅರ್ಧ ವಿನ್ಯಾಸ ಇದರಿಂದಲೇ ತೀರ್ಮಾನವಾಗುತ್ತದೆ. ನಿಮ್ಮ ಬೀದಿಯಲ್ಲಿ ನಿಂತಿರುವ ಯಾವುದಾದರೂ ಸಾಮಾನ್ಯ ಬೈಕನ್ನು ನೋಡಿ. ಎಂಜಿನ್‌ನ ಮುಂದುಗಡೆಯಿಂದ ಒಂದು ಕೊಳವೆ ಹೊರಟು, ಕೆಳಗೆ ಬಾಗಿ, ಹಿಂದಿನ ಸೈಲೆನ್ಸರ್ ಸೇರುತ್ತದೆ. ಸುಟ್ಟ ಹೊಗೆ ಮುಂದಿನಿಂದ ಹೊರಬೀಳುತ್ತದೆ, ಹೊಸ ಗಾಳಿ ಹಿಂದಿನಿಂದ ಒಳಬರುತ್ತದೆ. 310ರ ಎಂಜಿನ್‌ನಲ್ಲಿ ಇದು ತಿರುವುಮುರುವು. ಗಾಳಿ ಮುಂದಿನಿಂದ ಒಳಗೆ, ಹೊಗೆ ಹಿಂದಿನಿಂದ ಹೊರಗೆ. ಸಿಲಿಂಡರ್ ಕೂಡ ನೆಟ್ಟಗೆ ನಿಲ್ಲದೆ ಹಿಂದಕ್ಕೆ ವಾಲಿದೆ.

ಇದರ ಪರಿಣಾಮವೇನು? ಎಂಜಿನ್‌ನ ಮುಂದೆ ಕೊಳವೆ ಇಲ್ಲ, ಸಿಲಿಂಡರಿನ ತಲೆಯೂ ಹಿಂದೆ ಸರಿದಿದೆ. ಹಾಗಾಗಿ ಇಡೀ ಎಂಜಿನ್ನನ್ನು ಮುಂಚಕ್ರದ ಹತ್ತಿರಕ್ಕೆ ತರಬಹುದು. ಎಂಜಿನ್ ಮುಂದೆ ಹೋದರೆ ಹಿಂದೆ ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಸ್ವಿಂಗ್‌ಆರ್ಮ್ ಅನ್ನು, ಅಂದರೆ ಹಿಂಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳನ್ನು, ಉದ್ದ ಮಾಡಬಹುದು. ಉದ್ದದ ತೋಳಿದ್ದರೆ ತಿರುವಿನಿಂದ ವೇಗ ಕೊಟ್ಟು ಹೊರಬರುವಾಗ ಹಿಂಚಕ್ರ ನೆಮ್ಮದಿಯಿಂದ ನಡೆದುಕೊಳ್ಳುತ್ತದೆ. ಹೀಗೆ ಒಂದೇ ಒಂದು ಸಂಗತಿಯಿಂದ ಮೂರು ಊಹೆಗಳು ಹುಟ್ಟಿದವು. ಎಂಜಿನ್‌ನ ಮುಂದೆ ಕೊಳವೆ ಕಾಣದು, ಸ್ವಿಂಗ್‌ಆರ್ಮ್ ಉದ್ದವಿರುತ್ತದೆ, ಗಾಳಿ ಸೋಸುವ ಡಬ್ಬಿ ಹ್ಯಾಂಡಲ್‌ನ ಹತ್ತಿರಕ್ಕೆ ಬರುತ್ತದೆ. ಮೂರೂ ನಿಜವಾದವು. ಇವನ್ನು ಹೇಳಲು ಯಾರೂ ಕಾರ್ಖಾನೆಯ ಗೋಡೆ ಹತ್ತಬೇಕಾಗಿರಲಿಲ್ಲ.

ತೂಕವನ್ನೂ ಇದೇ ದಾರಿಯಲ್ಲಿ ಅಂದಾಜು ಮಾಡಬಹುದಿತ್ತು. ಕಾರ್ಬನ್ ಫೈಬರ್ ಹೊದಿಕೆ ಕಂಡವರು ಹೂವಿನಂಥ ಬೈಕಿನ ಕನಸು ಕಟ್ಟಿದರು. ಆದರೆ ಎರಡು ಲಕ್ಷ ರೂಪಾಯಿ ಆಸುಪಾಸಿನ ಬೈಕಿಗೆ ಯಾವ ಕಂಪನಿಯೂ ಕಾರ್ಬನ್ ಫೈಬರ್ ತೊಡಿಸುವುದಿಲ್ಲ. ಪ್ಲಾಸ್ಟಿಕ್ ಬಂದೇ ಬರುತ್ತದೆ. ನೇಕೆಡ್ ಆದ ಜಿ 310 ಆರ್‌ನ ತೂಕ 158.5 ಕಿಲೋ ಎಂದು ಮೊದಲೇ ಪ್ರಕಟವಾಗಿತ್ತು. ಅದಕ್ಕೆ ಪ್ಲಾಸ್ಟಿಕ್ ಫೇರಿಂಗ್, ಅದನ್ನು ಹಿಡಿದಿಡುವ ಸರಳುಗಳು, ಗಾಳಿ ತಡೆಯುವ ಗಾಜು, ಜೋಡಿ ಹೆಡ್‌ಲೈಟ್ ಸೇರಿಸಿದರೆ ಸುಮಾರು ಹತ್ತು ಕಿಲೋ ಏರುತ್ತದೆ. ಆರ್‌ಆರ್ 310 ಬಂದಾಗ ತೂಗಿದ್ದು 169.5 ಕಿಲೋ.

ಆಸೆ ಮತ್ತು ಊಹೆ ಬೇರೆಯಾಗುವುದು ಇಲ್ಲಿಯೇ. ಆ ಕಾಲಕ್ಕೆ ಪೈಪೋಟಿಯಲ್ಲಿದ್ದ ಕೆಟಿಎಂ ಆರ್‌ಸಿ 390 ಬೈಕಿನ ಶಕ್ತಿ ಸುಮಾರು 43 ಅಶ್ವಶಕ್ತಿ. ಅಭಿಮಾನಿಗಳಿಗೆ 34 ಎಂಬ ಅಂಕಿ ನುಂಗಲಾರದ ತುತ್ತಾಯಿತು. ರೇಸಿನ ಮನೆತನದ ಕಂಪನಿ, ಸ್ವಲ್ಪವಾದರೂ ಹೆಚ್ಚಿಸದೆ ಇರುತ್ತದೆಯೇ ಎಂದುಕೊಂಡರು. ಆಧಾರ ಮಾತ್ರ ಏನೂ ಇರಲಿಲ್ಲ. ಬೈಕ್ ಬಂದಾಗ ಶಕ್ತಿ ಅದೇ 34. ಆ ಆಸೆ ತಕ್ಕಮಟ್ಟಿಗೆ ಈಡೇರಿದ್ದು 2024ರ ಪರಿಷ್ಕೃತ ಮಾದರಿಯಲ್ಲಿ, 38 ಅಶ್ವಶಕ್ತಿಯೊಂದಿಗೆ. ಯಾರಾದರೂ ಒಂದು ಅಂಕಿ ಹೇಳಿದರೆ 'ಇದು ಯಾವುದರಿಂದ ಬಂತು?' ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಉತ್ತರ ತಡವರಿಸಿದರೆ ಅದು ಆಸೆ. ಆಸೆ ಪಡುವುದು ತಪ್ಪಲ್ಲ, ನಾನೂ ಪಡುತ್ತೇನೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು ಅಷ್ಟೆ.

ಮುಂದಿನ ಹಂತ, ಪರೀಕ್ಷೆಯ ಬೈಕಿನ ಚಿತ್ರ ಓದುವುದು. ಬಿಡುಗಡೆಗೆ ಮುನ್ನ ಕಂಪನಿ ತನ್ನ ಬೈಕನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಲೇಬೇಕು. ಗುರುತು ಸಿಗದಿರಲೆಂದು ಮೈಮೇಲೆ ಕಪ್ಪು ಪಟ್ಟಿಯನ್ನೋ ಕಣ್ಣು ಕೋರೈಸುವ ಕಪ್ಪುಬಿಳುಪಿನ ಚಿತ್ತಾರವನ್ನೋ ಅಂಟಿಸುತ್ತಾರೆ. ಕೆಲವೊಮ್ಮೆ ಬೇಕೆಂದೇ ಸುಳ್ಳು ತಗಡು, ಸುಳ್ಳು ಪ್ಲಾಸ್ಟಿಕ್ ಬಿಗಿದಿರುವುದೂ ಉಂಟು. ಈ ಮುಸುಕು ಮೈಯ ಬಾಗುಗಳನ್ನು ಮರೆಮಾಡುತ್ತದೆ. ಚಕ್ರ, ಬ್ರೇಕ್, ಮುಂದಿನ ಫೋರ್ಕ್, ಸ್ವಿಂಗ್‌ಆರ್ಮ್, ಸೈಲೆನ್ಸರ್ ಇವನ್ನು ಮಾತ್ರ ಮುಚ್ಚಲಾಗದು; ಮುಚ್ಚಿದರೆ ಪರೀಕ್ಷೆಯೇ ನಡೆಯದು. ನಿಮ್ಮ ಕಣ್ಣು ಮೊದಲು ಅಲ್ಲಿಗೆ ಹೋಗಲಿ.

ಅಲ್ಲೇ ಒಂದು ಅಳತೆಗೋಲೂ ಸಿಗುತ್ತದೆ. ಟೈರಿನ ಪಕ್ಕದಲ್ಲಿ 110/70 ಆರ್ 17 ಎಂಬಂತೆ ಬರೆದಿರುತ್ತಾರೆ. 110 ಎಂದರೆ ಟೈರಿನ ಅಗಲ ಮಿಲಿಮೀಟರ್‌ಗಳಲ್ಲಿ. 70 ಎಂದರೆ ಅದರ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 70ರಷ್ಟು, ಅಂದರೆ 77 ಮಿಲಿಮೀಟರ್. 17 ಎಂದರೆ ಒಳಗಿನ ರಿಮ್‌ನ ವ್ಯಾಸ ಇಂಚುಗಳಲ್ಲಿ, ಅಂದರೆ ಸುಮಾರು 432 ಮಿಲಿಮೀಟರ್. ಮೇಲೊಂದು ಪಕ್ಕೆ, ಕೆಳಗೊಂದು ಪಕ್ಕೆ ಸೇರಿಸಿದರೆ ಇಡೀ ಚಕ್ರದ ಎತ್ತರ 586 ಮಿಲಿಮೀಟರ್. ಈ ವರ್ಗದ ಸ್ಪೋರ್ಟ್‌ಬೈಕ್‌ಗಳಲ್ಲಿ ಮುಂದಿನ ಟೈರ್ ಬಹುಪಾಲು ಇದೇ ಗಾತ್ರದ್ದು. ಈಗ ಬೈಕನ್ನು ನೇರ ಪಕ್ಕದಿಂದ ತೆಗೆದ ಫೋಟೊ ಒಂದರಲ್ಲಿ ಮುಂಚಕ್ರದ ಎತ್ತರ 40 ಮಿಲಿಮೀಟರ್, ಎರಡು ಚಕ್ರಗಳ ನಡುಬಿಂದುಗಳ ಅಂತರ 93 ಮಿಲಿಮೀಟರ್ ಇದೆ ಎಂದುಕೊಳ್ಳಿ. 93ನ್ನು 40ರಿಂದ ಭಾಗಿಸಿ, 586ರಿಂದ ಗುಣಿಸಿ. ಸುಮಾರು 1362 ಬರುತ್ತದೆ. ಚಕ್ರಗಳ ನಡುವಿನ ಈ ಅಂತರಕ್ಕೆ ವ್ಹೀಲ್‌ಬೇಸ್ ಎಂದು ಹೆಸರು. ಆರ್‌ಆರ್ 310ರ ನಿಜವಾದ ವ್ಹೀಲ್‌ಬೇಸ್ 1365 ಮಿಲಿಮೀಟರ್. ಪ್ರತಿಸಲವೂ ಲೆಕ್ಕ ಇಷ್ಟು ಸರಿ ಹೊಂದುತ್ತದೆಂದು ನಂಬಬೇಡಿ. ಫೋಟೊ ತೆಗೆದವರು ಕೊಂಚ ಓರೆಯಾಗಿ ನಿಂತಿದ್ದರೂ ಅಳತೆ ಕೆಡುತ್ತದೆ. ಆದರೂ ಬೈಕ್ ಗಿಡ್ಡವೋ ಉದ್ದವೋ ಎಂಬ ವಾದ ಬಗೆಹರಿಸಲು ಒಂದು ಸ್ಕೇಲು ಸಾಕು.

ಬೈಕಿನಷ್ಟೇ ಗಮನವಿಟ್ಟು ಸವಾರನನ್ನೂ ನೋಡಿ. ಅವನ ಕೈ ಹಿಡಿದ ಜಾಗ, ಕುಳಿತ ಜಾಗ, ಪಾದ ಊರಿದ ಜಾಗ, ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಹ್ಯಾಂಡಲ್ ತಗ್ಗಿನಲ್ಲಿ, ಫುಟ್‌ರೆಸ್ಟ್ ಹಿಂದೆ ಮತ್ತು ಎತ್ತರದಲ್ಲಿದ್ದರೆ ಬೆನ್ನು ಬಾಗುತ್ತದೆ. ರೇಸ್ ಟ್ರ್ಯಾಕಿನಲ್ಲಿ ಸುಖ, ನಗರದ ಟ್ರಾಫಿಕ್ಕಿನಲ್ಲಿ ಮಣಿಕಟ್ಟಿಗೆ ನೋವು. ಹ್ಯಾಂಡಲ್ ತುಸು ಮೇಲಿದ್ದರೆ ಕಂಪನಿ ದೂರದ ಪ್ರಯಾಣಿಕರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದೆ ಎಂದು ತಿಳಿಯಿರಿ. ನನ್ನ ಮಟ್ಟಿಗೆ ಹೆಡ್‌ಲೈಟಿಗಿಂತ ಈ ತ್ರಿಕೋನವೇ ಬೈಕಿನ ಸ್ವಭಾವವನ್ನು ಹೆಚ್ಚು ಹೇಳುತ್ತದೆ.

ಕಾನ್ಸೆಪ್ಟ್‌ನಿಂದ ರಸ್ತೆಗೆ ಬರುವ ದಾರಿಯಲ್ಲಿ ಕಾನೂನು ಏನೇನು ಸೇರಿಸುತ್ತದೆ ಎಂಬುದನ್ನೂ ಗಮನಿಸಬೇಕು. ಪ್ರದರ್ಶನದ ಬೈಕಿನ ಬಾಲ ಬಾಣದಂತೆ ಚೂಪಾಗಿರುತ್ತದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿಕೆ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆಯೂ ಇರಬೇಕು. ಅದೇ ನಾವೆಲ್ಲ ಸೀರೆ ಗಾರ್ಡ್ ಎನ್ನುವುದು. ಕಾನ್ಸೆಪ್ಟ್‌ಗೆ ಮನಸೋತವರು ಅದನ್ನು ಕಂಡೊಡನೆ ಮುಖ ಸಿಂಡರಿಸುತ್ತಾರೆ. ನನಗೇನೋ ಸೀರೆಯುಟ್ಟು ಹಿಂದೆ ಕೂರುವವರ ಜೀವ ಚೂಪು ಬಾಲಕ್ಕಿಂತ ದೊಡ್ಡದು. ನಂಬರ್ ಪ್ಲೇಟ್, ಇಂಡಿಕೇಟರ್, ಕನ್ನಡಿಗಳೂ ಹೀಗೆಯೇ ಬಂದು ಸೇರುತ್ತವೆ.

ಕಾನೂನಿನ ದಿನಾಂಕಗಳೂ ಒಳ್ಳೆಯ ಸುಳಿವು. 125 ಸಿಸಿಗಿಂತ ದೊಡ್ಡ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವೆಂದು ಮೊದಲೇ ಗೊತ್ತಿತ್ತು. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ ಅದು. ಕೆಲವೇ ತಿಂಗಳು ಮೊದಲು ಬರುವ ದುಬಾರಿ ಬೈಕಿನಲ್ಲಿ ಅದು ಇಲ್ಲದೆ ಇರುವುದೇ? ಆರ್‌ಆರ್ 310ರಲ್ಲಿ ಎರಡೂ ಚಕ್ರಗಳಿಗೆ ಎಬಿಎಸ್ ಇತ್ತು.

ಇಷ್ಟೆಲ್ಲ ಆದ ಮೇಲೆ ಮುಖದ ಬಗ್ಗೆ ಮಾತನಾಡಬಹುದು. ಇಲ್ಲಿ ಕಂಪನಿಯ ಹಳೆಯ ನಡೆ ನೋಡಿ. ಟಿವಿಎಸ್ 2014ರಲ್ಲಿ ಡ್ರಾಕೆನ್ ಎಂಬ ನೇಕೆಡ್ ಕಾನ್ಸೆಪ್ಟ್ ತೋರಿಸಿತ್ತು; ಅದು ಅದೇ ರೂಪದಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ಆ ಅನುಭವದಿಂದ ಅಕುಲಾವನ್ನೂ ಹಲವರು ಅನುಮಾನದಿಂದಲೇ ನೋಡಿದರು. ಆದರೆ ಈ ಸಲ ಕಂಪನಿ ಮಾತು ಉಳಿಸಿಕೊಂಡಿತು. ಮುಂದಿನ ಜೋಡಿ ಪ್ರೊಜೆಕ್ಟರ್ ದೀಪಗಳು, ಒಟ್ಟಾರೆ ಮೈಕಟ್ಟು ಬಹುಮಟ್ಟಿಗೆ ಹಾಗೆಯೇ ಬಂದವು. ಬದಲಾದದ್ದು ಹೆಸರು. ಕೊನೆಯವರೆಗೂ ಎಲ್ಲರ ಬಾಯಲ್ಲಿ ಅಕುಲಾ ಎಂದೇ ಇದ್ದ ಬೈಕು ಅಪಾಚೆ ಕುಟುಂಬಕ್ಕೆ ಸೇರಿತು. ಮಾರಾಟದ ಕಣ್ಣಿನಿಂದ ಯೋಚಿಸಿದ್ದರೆ ಅದೂ ಹೊಳೆಯಬಹುದಿತ್ತು. ವರ್ಷಗಳಿಂದ ಜನರ ನಾಲಿಗೆಯ ಮೇಲಿರುವ ಹೆಸರನ್ನು ಬಿಟ್ಟು ಹೊಸದಕ್ಕೆ ಜಾಹೀರಾತು ಹಣ ಸುರಿಯುವುದೇಕೆ? ಬಿಡುಗಡೆಯಾದಾಗ ಅದರ ದೆಹಲಿಯ ಶೋರೂಮ್ ಬೆಲೆ 2.05 ಲಕ್ಷ ರೂಪಾಯಿ ಎಂದು ಪ್ರಕಟವಾಯಿತು.

ಊಹೆಗೆ ನಿಲುಕದವೂ ಇವೆ. 2016ರಲ್ಲಿ ಮೋಟೋಜಿಪಿ ರೇಸುಗಳಲ್ಲಿ ವಿಂಗ್‌ಲೆಟ್‌ಗಳ ಜಗಳ ಜೋರಾಗಿತ್ತು. ವಿಂಗ್‌ಲೆಟ್ ಎಂದರೆ ಫೇರಿಂಗ್‌ನ ಪಕ್ಕ ಚಾಚಿಕೊಂಡ ಸಣ್ಣ ರೆಕ್ಕೆ. ವಿಮಾನದ ರೆಕ್ಕೆ ಮೇಲಕ್ಕೆ ಎತ್ತಿದರೆ ಇದು ಗಾಳಿಯ ಬಲದಿಂದ ಬೈಕನ್ನು ನೆಲಕ್ಕೆ ಒತ್ತುತ್ತದೆ. ಅದೇ ವರ್ಷ ಅವನ್ನು ಮರುವರ್ಷದಿಂದ ನಿಷೇಧಿಸುವ ತೀರ್ಮಾನವೂ ಆಯಿತು. ರೇಸಿನಲ್ಲೇ ಬೇಡವಾದದ್ದು ಹೊಸೂರಿನ 310 ಸಿಸಿ ಬೈಕಿಗೆ ಬರುತ್ತದೆಂದು ಆಗ ಹೇಳಿದ್ದರೆ ನಗುತ್ತಿದ್ದರು. 2024ರ ಆರ್‌ಆರ್ 310ರಲ್ಲಿ ವಿಂಗ್‌ಲೆಟ್ ಇದೆ. ಸುಮಾರು 3 ಕಿಲೋದಷ್ಟು ಒತ್ತು ಕೊಡುತ್ತದೆ ಎನ್ನುತ್ತದೆ ಕಂಪನಿ. ಮೊದಲ ಆರ್‌ಆರ್ 310ರ 169.5 ಕಿಲೋ ತೂಕಕ್ಕೆ ಹೋಲಿಸಿ, ಆ 3 ಕಿಲೋ ಎಷ್ಟು ಕೆಲಸ ಮಾಡೀತು, ಎಷ್ಟು ಬರಿಯ ಅಂದಕ್ಕೆ ಎಂಬ ವಾದವನ್ನು ಈಗ ನೀವೇ ಶುರುಮಾಡಬಹುದು.